ಕಾಲುದಾರಿಯ ಅಡಿಯಲ್ಲಿ ತೋಡು

ಮಳೆಗಾಲದಲ್ಲಿ ಕಾಸರಗೋಡು ಪೇಟೆಯೊಳಗೆ ನಡೆಯುವವರಿಗೆಲ್ಲ ಪರಿಚಯವಿರುವ ಒಂದು ಸದ್ದಿದೆ. ಕಾಲಿಟ್ಟಾಗ ‘ಟಕ್’, ತೆಗೆದಾಗ ಮತ್ತೊಮ್ಮೆ ‘ಟಕ್’. ಚರಂಡಿಯ ಮೇಲೆ ಹಾಸಿದ ಕಾಂಕ್ರೀಟ್ ಸ್ಲಾಬು ಅಲ್ಲಾಡುವ ಸದ್ದು ಅದು. ಸ್ಲಾಬು ಎರಡು ಬದಿಯ ಗೋಡೆಗಳ ಮೇಲೆ ಸಮನಾಗಿ ಕೂರಬೇಕು. ಹೂಳು ತೆಗೆಯಲೆಂದು ಎಬ್ಬಿಸಿದವರು ಗೋಡೆಯ ತಲೆಯನ್ನು ಗುಡಿಸದೆ ಮತ್ತೆ ಇಟ್ಟರೆ ಒಂದು ಜಲ್ಲಿಕಲ್ಲು ಸಾಕು, ಸ್ಲಾಬು ಮೂರು ಮೂಲೆಯಲ್ಲಿ ನಿಂತು ನಾಲ್ಕನೆಯ ಮೂಲೆಯಲ್ಲಿ ತೂಗತೊಡಗುತ್ತದೆ. ತೂಗಿದಾಗಲೆಲ್ಲ ಅಡಿಯ ಕೊಳಕು ನೀರು ಸಂದಿನಿಂದ ಚಿಮ್ಮಿ ಮುಂಡಿನ ಅಂಚು, ಸೀರೆಯ ನೆರಿಗೆ, ಯೂನಿಫಾರ್ಮಿನ ಬಿಳಿ ಸಾಕ್ಸು ಎಲ್ಲವನ್ನೂ ಒದ್ದೆ ಮಾಡುತ್ತದೆ.

ನಮ್ಮ ಪೇಟೆಗಳಲ್ಲಿ ಫುಟ್‌ಪಾತ್ ಎಂದು ಕರೆಯುವುದು ಬಹುಪಾಲು ಚರಂಡಿಯ ಮುಚ್ಚಳ. ಇದನ್ನು ಬರೀ ದೂರಾಗಿ ಹೇಳುತ್ತಿಲ್ಲ. ನೀರಿನ ದಾರಿಯ ಮೇಲೆಯೇ ಮನುಷ್ಯನ ದಾರಿ ಹೋಗುವುದು ಈ ನೆಲದಲ್ಲಿ ಬಹಳ ಹಳೆಯ ರೂಢಿ. ಬೈಲಿನಲ್ಲಿ ತೋಡಿನ, ಎಂದರೆ ಕಿರುಹಳ್ಳದ ಬದಿಯ ಹುಣಿಯೇ (ಗದ್ದೆಯ ಬದುವೇ) ಕಾಲುದಾರಿ. ತೋಡು ಅಡ್ಡ ಬಂದಲ್ಲಿ ಅಡಿಕೆ ಮರದ ಸಂಕ, ಎಂದರೆ ಕಾಲುಸೇತುವೆ. ಪೇಟೆ ಬೆಳೆದಾಗ ತೋಡು ಚರಂಡಿಯಾಯಿತು, ಹುಣಿ ಸ್ಲಾಬಾಯಿತು. ಏರ್ಪಾಡು ಅದೇ ಉಳಿದರೂ ತೋಡಿನ ನೀರು ಹೋಗಿ ನಿಲ್ಲುತ್ತಿದ್ದ ಗದ್ದೆ ಮಾತ್ರ ಇಲ್ಲವಾಯಿತು. ಹಾಗಾಗಿ ಗದ್ದೆ ಹೋದ ಸುದ್ದಿ ಮೊದಲು ಮುಟ್ಟುವುದು ನಡೆದುಹೋಗುವವರ ಪಾದಕ್ಕೆ. ಕಾರಿನಲ್ಲಿ ಕೂತವರಿಗೆ ಅದು ಗೊತ್ತಾಗಲು ಇನ್ನೂ ಒಂದಡಿ ನೀರು ಏರಬೇಕು.

ಎಲ್ಲಿ ನೀರು ನಿಲ್ಲುತ್ತದೆ ಎಂದು ತಿಳಿಯಲು ಸರ್ವೆ ನಕ್ಷೆಗಿಂತ ಮೊದಲು ಊರಿನ ಹೆಸರು ಓದಬೇಕು. ಪೇಟೆಯೊಳಗೇ ಅಡ್ಕತ್ತಬೈಲು ಇದೆ, ಬೀರಂತಬೈಲು ಇದೆ. ಬೈಲು ಎಂದರೆ ಎರಡು ಗುಡ್ಡಗಳ ನಡುವಿನ ತಗ್ಗು, ತೋಡಿನ ಪಕ್ಕದ ಗದ್ದೆ. ಅದಕ್ಕಿಂತ ಒಂದು ಹಂತ ಮೇಲಿನದು ಮಜಲು, ಮಳೆಯನ್ನೇ ನಂಬಿದ ಎತ್ತರದ ಗದ್ದೆ ಬೆಟ್ಟು. ಗುಡ್ಡದ ನೆತ್ತಿಯ ಗಟ್ಟಿ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಬಯಲು ಅಡ್ಕ ಅಥವಾ ಪದವು. ಬದಿಯಡ್ಕ, ಏತಡ್ಕ ಆ ಜಾತಿಯ ಹೆಸರುಗಳು. ಅಡ್ಕದ ತಗ್ಗಿನಲ್ಲಿ ಮಳೆನೀರು ನಿಂತರೆ ಪಳ್ಳ, ಆದ್ದರಿಂದ ಪಳ್ಳತ್ತಡ್ಕ. ನೀರು ಚಾಲು ಹಿಡಿದು ಇಳಿಯುವ ಕಡೆ ನೀರ್ಚಾಲು. ಮನೆ ಕಟ್ಟಲು ಜಾಗ ನೋಡುವವರು ಈ ಹೆಸರುಗಳನ್ನು ಒಮ್ಮೆ ಬಾಯಿಬಿಟ್ಟು ಹೇಳಿಕೊಂಡರೆ ಅರ್ಧ ವಿಚಾರಣೆ ಮುಗಿದ ಹಾಗೆ.

ಇಲ್ಲಿ ವರ್ಷಕ್ಕೆ ಬೀಳುವ ಮಳೆ ಮೂರು ಸಾವಿರ ಮಿಲಿಮೀಟರು ದಾಟುತ್ತದೆ, ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಒಂದು ಮಿಲಿಮೀಟರು ಮಳೆ ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರು. ಏಳು ಮೀಟರು ಅಗಲದ ರಸ್ತೆಯ ನೂರು ಮೀಟರು ಉದ್ದದ ಮೇಲೆ 50 ಮಿಲಿಮೀಟರು ಮಳೆ ಸುರಿದರೆ 35,000 ಲೀಟರು ನೀರಾಯಿತು, ಐದು ಸಾವಿರ ಲೀಟರಿನ ಟ್ಯಾಂಕರು ಏಳು ತುಂಬುವಷ್ಟು. ಟಾರು ಹನಿಯನ್ನೂ ಕುಡಿಯುವುದಿಲ್ಲ. ಎರಡೂ ಬದಿಯ ಕಟ್ಟಡಗಳ ಟೆರೇಸು, ಇಂಟರ್‌ಲಾಕ್ ಹಾಸಿದ ಅಂಗಳ ಇವುಗಳ ನೀರು ಬೇರೆ.

ಈಗ ಒಂದೆಕ್ರೆ ಗದ್ದೆ ತೆಗೆದುಕೊಳ್ಳಿ. ಸುತ್ತ ಹುಣಿ ಇದ್ದು ಹದಿನೈದು ಸೆಂಟಿಮೀಟರು ನೀರು ನಿಂತರೆ ಆರು ಲಕ್ಷ ಲೀಟರು. ನಾಟಿಯಾದ ಗದ್ದೆಯಲ್ಲಿ ಮೊದಲೇ ನೀರಿರುತ್ತದಲ್ಲ, ಹೊಸ ಮಳೆಗೆ ಜಾಗ ಎಲ್ಲಿ ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆಯೇ. ತುಂಬಿದ ಗದ್ದೆ ಹೊಸ ನೀರನ್ನು ಪೂರ್ತಿ ಹಿಡಿದಿಡುವುದಿಲ್ಲ, ತಡೆದು ತಡೆದು ಬಿಡುತ್ತದೆ. ಪ್ರತಿ ಗದ್ದೆಯ ಹುಣಿಯಲ್ಲಿ ಒಂದು ಕಂಡಿ ಇರುತ್ತದೆ, ಒಂದು ಗೇಣಿನಷ್ಟೋ ಒಂದಡಿಯಷ್ಟೋ ಅಗಲ. ಮೇಲಿನ ಗದ್ದೆಯ ನೀರು ಆ ಕಂಡಿಯಿಂದಲೇ ಕೆಳಗಿನ ಗದ್ದೆಗೆ ಇಳಿಯಬೇಕು, ಅಲ್ಲಿಂದ ಮುಂದಿನದಕ್ಕೆ. ಹತ್ತು ಗದ್ದೆ ದಾಟಿ ತೋಡು ಸೇರುವಷ್ಟರಲ್ಲಿ ಒಂದು ತಾಸಿನ ಮಳೆ ಹಲವು ತಾಸಿಗೆ ಹಂಚಿಹೋಗುತ್ತದೆ. ಚರಂಡಿಗೆ ಈ ತಾಳ್ಮೆಯಿಲ್ಲ. ಬಿದ್ದ ನೀರನ್ನೆಲ್ಲ ಒಮ್ಮೆಲೇ ಕೆಳಕ್ಕೆ ತಳ್ಳುತ್ತದೆ, ಕೆಳಗೆ ಜಾಗವಿಲ್ಲದಿದ್ದರೆ ಮೇಲಕ್ಕೇ ಉಕ್ಕುತ್ತದೆ.

ಗದ್ದೆಗೆ ಮಣ್ಣು ತುಂಬುವ ಕೆಲಸ ಒಂದೇ ಕಡೆ ಹಾನಿ ಮಾಡುವುದಿಲ್ಲ ಎಂಬುದನ್ನೂ ಹೇಳಬೇಕು. ತುಂಬುವ ಕೆಂಪು ಮಣ್ಣು ಯಾವುದೋ ಗುಡ್ಡದ್ದು. ಮುರಕಲ್ಲಿನ ಗುಡ್ಡ ತೂತು ತೂತಾದ ಕಲ್ಲು. ಮಳೆನೀರನ್ನು ಒಳಗಿಳಿಸಿಕೊಂಡು ಬುಡದ ಜೇಡಿಯ ಪದರ ಸಿಕ್ಕಲ್ಲಿ ಒರತೆಯಾಗಿ ಬಿಡುತ್ತದೆ. ನಮ್ಮ ಹಿರಿಯರು ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದದ್ದು ಈ ನೀರಿಗಾಗಿ. ಗುಡ್ಡ ಜರಿದು ಬೈಲಿಗೆ ಸುರಿದರೆ ನೀರು ಇಂಗುವ ಜಾಗವೂ ಹೋಯಿತು, ನಿಲ್ಲುವ ಜಾಗವೂ ಹೋಯಿತು. ಒಂದೇ ಟಿಪ್ಪರಿನಲ್ಲಿ ಎರಡು ನಷ್ಟ.

ಪೇಟೆಯಲ್ಲಿ ನೀರು ನಿಲ್ಲುವುದಕ್ಕೆ ಹೂಳು ಒಂದೇ ಕಾರಣವಲ್ಲ. ಕಾಸರಗೋಡಿನ ತಗ್ಗಿನ ನೀರೆಲ್ಲ ಕಡೆಗೆ ಹೋಗಬೇಕಾದದ್ದು ಚಂದ್ರಗಿರಿಗೆ ಇಲ್ಲವೇ ಕಡಲಿಗೆ. ಕೊಡಗಿನ ಬೆಟ್ಟಗಳಿಂದ ಸುಮಾರು 105 ಕಿಲೋಮೀಟರು ಹರಿದು ಬರುವ ಚಂದ್ರಗಿರಿ ತಳಂಗರೆಯ ಹತ್ತಿರ ಕಡಲಿಗೆ ಸೇರುತ್ತದೆ. ಅಳಿವೆಗೆ ಇಷ್ಟು ಹತ್ತಿರವಿರುವ ಹೊಳೆಯ ಮಟ್ಟವನ್ನು ಮಳೆಯಷ್ಟೇ ಕಡಲೂ ತೀರ್ಮಾನಿಸುತ್ತದೆ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಪ್ರತಿದಿನ ಹೊತ್ತು ಸುಮಾರು ಐವತ್ತು ನಿಮಿಷ ತಡವಾಗುತ್ತದೆ. ಇವತ್ತು ಬೆಳಗ್ಗೆ ಹತ್ತಕ್ಕೆ ಉಬ್ಬರವಾದರೆ ನಾಳೆ ಹನ್ನೊಂದರ ಹತ್ತಿರ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರ ಜೋರು, ಅಷ್ಟಮಿಯ ಹೊತ್ತಿಗೆ ಸೌಮ್ಯ. ಉಬ್ಬರದ ಮಟ್ಟಕ್ಕಿಂತ ಕೆಳಗಿರುವ ಚರಂಡಿಯ ಬಾಯಿ ಆ ಕೆಲವು ತಾಸು ಮುಚ್ಚಿದಂತೆಯೇ. ಒಳಗಿನಿಂದ ನೀರು ಹೊರಬೀಳದು, ಕೆಲವೊಮ್ಮೆ ಹೊರಗಿನ ಉಪ್ಪುನೀರೇ ಒಳಗೆ ಬರುತ್ತದೆ. ಅದಕ್ಕೇ ಅಷ್ಟಮಿಯ ದಿನ ಬಿದ್ದ ಮಳೆ ಸದ್ದಿಲ್ಲದೆ ಹರಿದುಹೋಗುತ್ತದೆ, ಅಷ್ಟೇ ಮಳೆ ಅಮಾವಾಸ್ಯೆಯ ಉಬ್ಬರಕ್ಕೆ ಸರಿಯಾಗಿ ಬಿದ್ದರೆ ಮೊಣಕಾಲುದ್ದ ನಿಲ್ಲುತ್ತದೆ. ಮಳೆಗಾಲದಲ್ಲಿ ಪೇಟೆಗೆ ಹೊರಡುವವರು ಆಕಾಶದ ಜೊತೆಗೆ ಪಂಚಾಂಗವನ್ನೂ ನೋಡಿದರೆ ಒಳ್ಳೆಯದು.

ಹೊಳೆಯ ಬದಿಯಲ್ಲಿ ಉಬ್ಬರವನ್ನು ಎದುರಿಸಿ ನಿಂತಿರುವುದು ಕಾಂಡ್ಲ, ಎಂದರೆ ಮ್ಯಾಂಗ್ರೋವ್. ಮೊಗ್ರಾಲ್, ಶಿರಿಯ, ಉಪ್ಪಳ, ಮಂಜೇಶ್ವರದ ಹೊಳೆಗಳ ಬಾಯಲ್ಲೂ ಚಂದ್ರಗಿರಿಯ ದಡದಲ್ಲೂ ಇದನ್ನು ನೋಡಬಹುದು. ಮಂಜೇಶ್ವರದ ಹೊಳೆಯ ಉದ್ದ ಹದಿನಾರೇ ಕಿಲೋಮೀಟರು, ಕೇರಳದಲ್ಲೇ ಗಿಡ್ಡ. ಕಾಂಡ್ಲವೆಂದು ಒಟ್ಟಾಗಿ ಕರೆಯುವ ಗಿಡಗಳಲ್ಲಿ ಜಾತಿ ಹಲವು. ಕೊಂಬೆಯಿಂದ ಬಿಲ್ಲಿನಂತೆ ಬಾಗಿದ ಬೇರುಗಳನ್ನು ಕೆಸರಿಗೆ ಊರಿ ನಿಲ್ಲುವುದು ರೈಜೋಫೊರಾ. ಅದರ ಬೀಜ ಮರದಲ್ಲೇ ಮೊಳೆತು ನುಗ್ಗೆಕಾಯಿಯಂತೆ ಉದ್ದಕ್ಕೆ ತೂಗುತ್ತದೆ, ಬಲಿತ ಮೇಲೆ ಉದುರಿ ಕೆಸರಿಗೆ ನಾಟುತ್ತದೆ ಅಥವಾ ತೇಲಿಹೋಗುತ್ತದೆ. ಮಲಯಾಳದಲ್ಲಿ ಉಪ್ಪಟ್ಟಿ ಎನ್ನುವ ಅವಿಸೆನ್ನಿಯಾದ ಬುಡದ ಸುತ್ತ ಪೆನ್ಸಿಲು ಚುಚ್ಚಿಟ್ಟಂತೆ ಉಸಿರುಬೇರುಗಳು ಎದ್ದಿರುತ್ತವೆ. ಕೆಸರಿನಲ್ಲಿ ಗಾಳಿ ಇಲ್ಲದ್ದರಿಂದ ಬೇರು ಮೂಗನ್ನು ಹೊರಗಿಟ್ಟುಕೊಂಡಿದೆ. ಅದರ ಎಲೆಯನ್ನು ನೆಕ್ಕಿದರೆ ಉಪ್ಪು. ಮುಳ್ಳಿನ ಎಲೆ, ನೀಲಿ ಹೂವಿನ ಹೊಳೆಚುಳ್ಳಿ ಇವುಗಳ ಸೆರಗಿನಲ್ಲಿ ಬೆಳೆಯುತ್ತದೆ.

ಕಾಂಡ್ಲ ನೆಡುವ ಉತ್ಸಾಹದಲ್ಲಿ ಆಗುವ ತಪ್ಪು ಎರಡು ತರದ್ದು: ಉಬ್ಬರ ತಲುಪದ ಗಟ್ಟಿ ದಡದಲ್ಲಿ ನೆಡುವುದು, ಇಲ್ಲವೇ ಇಳಿತದಲ್ಲೂ ನೀರು ಬಿಡದ ಕಡೆ ನೆಡುವುದು. ದಿನಕ್ಕೊಮ್ಮೆಯಾದರೂ ನೆನೆಯಬೇಕು, ದಿನಕ್ಕೊಮ್ಮೆಯಾದರೂ ಬುಡ ಕಾಣಬೇಕು. ಉಸಿರುಬೇರಿನ ಮೇಲೆ ಕಟ್ಟಡ ಒಡೆದ ಕಲ್ಲುಮಣ್ಣು ಸುರಿದರೆ ಮರ ಆ ದಿನ ಬೀಳುವುದಿಲ್ಲ. ಉಸಿರು ಕಟ್ಟಿ ನಿಧಾನಕ್ಕೆ ಒಣಗುತ್ತದೆ. ಒಣಗಿದ ಮೇಲೆ ‘ಇಲ್ಲಿ ಏನೂ ಬೆಳೆಯುವುದಿಲ್ಲ’ ಎಂಬ ಮಾತು ಬರುತ್ತದೆ.

ಕಾಂಡ್ಲಕ್ಕೂ ನಡೆಯುವವರಿಗೂ ಇರುವ ನಂಟನ್ನು ಯಾರಿಗಿಂತಲೂ ಚೆನ್ನಾಗಿ ಕಂಡವರು ಪಕ್ಕದ ಕಣ್ಣೂರು ಜಿಲ್ಲೆಯ ಕಲ್ಲೇನ್ ಪೊಕ್ಕುಡನ್. ಪಳಯಂಗಾಡಿಯ ಹತ್ತಿರ ಹೊಳೆಬದಿಯ ದಾರಿಯಲ್ಲಿ ಶಾಲೆಗೆ ನಡೆದು ಹೋಗುವ ಮಕ್ಕಳನ್ನು ಮಳೆಗಾಲದ ಗಾಳಿ, ಅಲೆ ಕಾಡುತ್ತಿದ್ದವು. 1989ರಲ್ಲಿ ಅವರು ಆ ದಡದುದ್ದಕ್ಕೂ ಕಾಂಡ್ಲದ ಸಸಿ ನೆಟ್ಟರು. ಮರ ಬೆಳೆದಂತೆ ಗಾಳಿಗೆ ಗೋಡೆಯಾಯಿತು, ದಡ ಕುಸಿಯುವುದು ನಿಂತಿತು, ಮೀನು ಮರಿ ಮಾಡಲು ಬಂತು. 2015ರಲ್ಲಿ ತೀರಿಕೊಳ್ಳುವ ತನಕ ಅವರು ನೆಡುತ್ತಲೇ ಇದ್ದರು. ಶುರುವಾದದ್ದು ಪರಿಸರದ ದೊಡ್ಡ ಮಾತಿನಿಂದಲ್ಲ, ನಡೆಯುವ ಮಕ್ಕಳ ಕಷ್ಟ ಕಂಡು. ಈ ಕರಾವಳಿಯಲ್ಲಿ ಪಾದಚಾರಿಗಾಗಿ ನಡೆದ ಕೆಲಸಗಳಲ್ಲಿ ನನಗೆ ಇದೇ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಮತ್ತೆ ಪೇಟೆಗೆ. ಪಾದಚಾರಿಗಳ ಸೌಕರ್ಯಕ್ಕೆ ದೇಶದಲ್ಲಿ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ 103 ಎಂಬ ಮಾರ್ಗಸೂಚಿಯಿದೆ. ಅದರ ಪ್ರಕಾರ ಫುಟ್‌ಪಾತಿನಲ್ಲಿ ಅಡ್ಡಿಯಿಲ್ಲದ ಅಗಲ ಕನಿಷ್ಠ 1.8 ಮೀಟರು ಇರಬೇಕು, ಅಂಚಿನ ಎತ್ತರ 15 ಸೆಂಟಿಮೀಟರು ಮೀರಬಾರದು. ಬಿಡಿಸಿದ ಕೊಡೆ ಹತ್ತಿರಹತ್ತಿರ ಒಂದು ಮೀಟರು ಅಗಲ. 1.8 ಮೀಟರಿನಲ್ಲೂ ಎರಡು ಕೊಡೆ ಎದುರುಬದುರಾದರೆ ತಾಗುತ್ತವೆ. ಎತ್ತರದವರು ಕೊಡೆ ಎತ್ತಬೇಕು, ಗಿಡ್ಡವರು ವಾಲಿಸಬೇಕು. ಆರು ತಿಂಗಳು ಕೊಡೆ ಹಿಡಿಯುವ ನಾಡಿಗೆ ಆ ಅಳತೆಯೇ ಇಕ್ಕಟ್ಟು. ಅಂಥದ್ದರಲ್ಲಿ ನಮಗೆ ಸಿಗುವುದು ಮೂರಡಿ ಸ್ಲಾಬು, ಅದರ ಮೇಲೆ ಒಂದು ಲೈಟುಕಂಬ, ಅಂಗಡಿಯ ಬೋರ್ಡು, ನಿಲ್ಲಿಸಿದ ಬೈಕು. ವಾಹನದವರು ಅರಿಯದ ಸಂಗತಿಯೊಂದಿದೆ: ಮನುಷ್ಯರು ನಡೆಯಲೆಂದು ಎರಕ ಹೊಯ್ದ ಸ್ಲಾಬಿನ ಮೇಲೆ ಪಿಕಪ್ಪು ಹತ್ತಿದರೆ ಅಡಿಭಾಗದಲ್ಲಿ ಬಿರುಕು ಬೀಳುತ್ತದೆ. ಬಿರುಕಿನಿಂದ ನೀರು ಹೊಕ್ಕು ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ, ತುಕ್ಕು ಉಬ್ಬಿ ಕಾಂಕ್ರೀಟನ್ನು ಉದುರಿಸುತ್ತದೆ. ಮೇಲಿನಿಂದ ಸ್ಲಾಬು ಗಟ್ಟಿಯಾಗಿಯೇ ಕಾಣುತ್ತಿರುತ್ತದೆ.

ಹೀಗಾಗಿ ನೀರು ತುಂಬಿದಾಗ ಸ್ಲಾಬಿನ ಮೇಲೆ ನಡೆಯಲೇಬೇಕಾದರೆ ನಡುವಿನಲ್ಲಿ ಕಾಲಿಡಬೇಡಿ, ಗೋಡೆಯ ಆಸರೆ ಇರುವ ಅಂಚಿನಲ್ಲಿ ಇಡಿ. ಮುರಿಯುವುದು ಹೆಚ್ಚಾಗಿ ನಡುವೆ. ಮಡಚಿದ ಕೊಡೆಯ ತುದಿಯಿಂದ ಮುಂದಿನ ಹೆಜ್ಜೆಯ ಜಾಗ ಕುಟ್ಟಿ ನೋಡಿ. ನೀರು ಒಂದೇ ಕಡೆ ಸುತ್ತುತ್ತಿದ್ದರೆ, ಕಸಕಡ್ಡಿ ಅಲ್ಲಿಗೆ ಬಂದು ಮಾಯವಾಗುತ್ತಿದ್ದರೆ, ಅಡಿಯಲ್ಲಿ ಸ್ಲಾಬಿಲ್ಲ ಎಂದೇ ತಿಳಿಯಬೇಕು. ನಿಶ್ಚಲ ನೀರನ್ನೂ ನಂಬಬಾರದು. ತುಂಬಿ ನಿಂತ ಚರಂಡಿಯಲ್ಲಿ ಸುಳಿ ಇರುವುದಿಲ್ಲ. ಆಗ ರಸ್ತೆಯ ನಡುವಿನ ಉಬ್ಬಿನ ಕಡೆಗೆ ಸರಿದು, ಎದುರಿನಿಂದ ಬರುವ ವಾಹನ ಕಣ್ಣಿಗೆ ಬೀಳುವ ಹಾಗೆ ಬಲಬದಿ ಹಿಡಿದು ನಡೆಯುವುದೇ ಕಡಿಮೆ ಅಪಾಯ. ಕಾಲಲ್ಲಿ ಗಾಯವಿದ್ದವರು ಮನೆಗೆ ಬಂದ ಕೂಡಲೇ ಸೋಪು ಹಾಕಿ ತೊಳೆಯಬೇಕು. ಇಲಿಯ ಮೂತ್ರ ಸೇರಿದ ನೀರಿನಿಂದ ಇಲಿಜ್ವರ ಬರುತ್ತದೆ, ಅದು ಗದ್ದೆಯವರನ್ನೂ ಪೇಟೆಯವರನ್ನೂ ಬೇರೆಬೇರೆ ಎಂದು ನೋಡುವುದಿಲ್ಲ. ಕೆಸರಲ್ಲಿ ಕೆಲಸ ಮಾಡುವವರು ಮುಂಜಾಗ್ರತೆಯ ಮಾತ್ರೆಗೆ ಆರೋಗ್ಯ ಕೇಂದ್ರದಲ್ಲಿ ಕೇಳಬಹುದು.

ಹುಣಿಯ ನಡಿಗೆಗೆ ಬೇರೆ ಶಿಸ್ತು. ಅಗಲ ಒಂದಡಿ, ಒಂದೂವರೆ ಅಡಿ. ಪಾದಗಳನ್ನು ಒಂದರ ಮುಂದೊಂದು ಇಡಬೇಕು. ಎದುರಿನವರ ತಲೆಯಲ್ಲಿ ಹೊರೆ ಇದ್ದರೆ ಬರಿಗೈಯವರು ಗದ್ದೆಗಿಳಿದು ದಾರಿ ಬಿಡುವುದು ಕ್ರಮ. ಏಣೆಲು (ಮಳೆಗಾಲದ ಮೊದಲ ಬೆಳೆ) ಬೇಸಾಯಕ್ಕೆ ಮುಂಚೆ ಹುಣಿಯ ಬದಿಯ ಹುಲ್ಲು ಕೆತ್ತಿ, ಗದ್ದೆಯ ಕೆಸರನ್ನೇ ತೆಗೆದು ಮೆತ್ತುತ್ತಾರೆ. ಮೆತ್ತಿದ ಮೊದಲ ಎರಡು ಮೂರು ದಿನ ಅದರ ಮೇಲೆ ಹೆಜ್ಜೆ ಇಡಬಾರದು. ಕಾಲು ಹೂತ ಕಡೆ ನೀರು ನಿಂತು, ನಿಂತಲ್ಲಿಂದ ಒಸರಿ, ಒಂದು ರಾತ್ರಿಯಲ್ಲಿ ಹುಣಿ ಕಡಿದುಹೋಗುತ್ತದೆ. ಕಂಡಿಯನ್ನು ದಾಟುವಾಗ ಅಂಚಿಗೆ ಮೆಟ್ಟದೆ ಒಂದೇ ಹೆಜ್ಜೆಯಲ್ಲಿ ಆಚೆಗೆ ಹೋಗಬೇಕು. ಏಡಿಯ ಬಿಲ ಕಂಡರೆ ಹೊರಬಾಯಿ ಮಾತ್ರ ಮುಚ್ಚಿ ಪ್ರಯೋಜನವಿಲ್ಲ. ನೀರು ಒಳಹೋಗುವ ಬದಿಯ ಬಾಯಿ ಹುಡುಕಿ, ಸ್ವಲ್ಪ ಬಿಡಿಸಿ, ಜೇಡಿ ಗಿಡಿದು ಮೆಟ್ಟಬೇಕು. ಇದೆಲ್ಲ ದಾರಿಹೋಕರಿಗೂ ಗೊತ್ತಿತ್ತು. ದಿನಾ ನಡೆಯುವವರೇ ಹುಣಿ ಸೋರುವುದನ್ನು ಮೊದಲು ಕಂಡು ಗದ್ದೆಯವರಿಗೆ ಕೂಗಿ ಹೇಳುತ್ತಿದ್ದರು. ಪೇಟೆಯಲ್ಲಿ ಅಲ್ಲಾಡುವ ಸ್ಲಾಬಿನ ಮೇಲೆ ದಿನಾ ನೂರಾರು ಜನ ನಡೆಯುತ್ತೇವೆ. ಕೂಗಿ ಹೇಳಬೇಕಾದ್ದು ಯಾರಿಗೆ ಎಂಬುದೇ ನಮಗೆ ತಿಳಿಯದು.

ಆರು ಪಥದ ಹೊಸ ಹೆದ್ದಾರಿ ಬಂದ ಮೇಲೆ ಕಾಲಿಗೂ ನೀರಿಗೂ ಒಂದೇ ಸಮಸ್ಯೆ: ಆಚೆ ಬದಿಗೆ ಹೋಗುವುದು ಹೇಗೆ? ಹೊಸ ಬಸ್‌ಸ್ಟ್ಯಾಂಡಿನ ಹತ್ತಿರ ರಸ್ತೆ ಕಂಬಗಳ ಮೇಲೆ ಹೋಗಿದೆ, ಕೆಳಗೆ ಎರಡೂ ದಾಟಬಹುದು. ಮಣ್ಣು ತುಂಬಿ ಏರಿಸಿದ ಕಡೆ ಹಾಗಲ್ಲ. ಅಲ್ಲಿ ಅಂಡರ್‌ಪಾಸೋ ಮೋರಿಯೋ ಬೇಕು, ಇವೆರಡೂ ಹುಡುಕುವುದು ಒಂದೇ ತಗ್ಗನ್ನು. ಜನ ದಾಟುವ ನೆಲ ನೀರಿನ ಮಟ್ಟಕ್ಕಿಂತ ಮೇಲಿರಬೇಕು, ನೀರಿಗೆ ಪಕ್ಕದಲ್ಲಿ ತಗ್ಗಿನ ಬೇರೆ ಕಂಡಿ ಇರಬೇಕು. ಎರಡಕ್ಕೂ ಒಂದೇ ಬಾಯಿ ಬಿಟ್ಟರೆ ಜೂನ್‌ನಿಂದ ಅದು ನೀರಿನದ್ದು.

ಕಾನೂನು ಇಲ್ಲವೆಂದಲ್ಲ. ಕೇರಳದಲ್ಲಿ ಗದ್ದೆ ಮತ್ತು ಜೌಗು ಭೂಮಿಯನ್ನು ಕಾಯಲು 2008ರ ಕಾಯ್ದೆಯಿದೆ. ಯಾವ ಸರ್ವೆ ನಂಬರು ಗದ್ದೆ ಎಂಬುದರ ಪಟ್ಟಿಯನ್ನು ಡಾಟಾ ಬ್ಯಾಂಕ್ ಎನ್ನುತ್ತಾರೆ, ಕೃಷಿಭವನದಲ್ಲಿ ವಿಚಾರಿಸಬಹುದು. ಬೇರೆ ಜಾಗವಿಲ್ಲದವರು ಸ್ವಂತ ಮನೆಗೆ ಅನುಮತಿ ಕೇಳಬಹುದು, ಪಂಚಾಯತಿನಲ್ಲಿ ಹತ್ತು ಸೆಂಟ್ಸ್, ನಗರಸಭೆಯಲ್ಲಿ ಐದು ಸೆಂಟ್ಸ್ ಮೀರದಂತೆ. ಅದು ನ್ಯಾಯವೇ. ಆದರೆ ಹತ್ತು ಸೆಂಟ್ಸ್ ಎಂದರೂ ಹದಿನೈದು ಸೆಂಟಿಮೀಟರಿನ ಲೆಕ್ಕದಲ್ಲಿ ಅರವತ್ತು ಸಾವಿರ ಲೀಟರು ನೀರು ಬೇರೆ ಜಾಗ ಹುಡುಕುತ್ತದೆ. ಆ ಕಾರಣಕ್ಕೆ ಮನೆಯನ್ನು ಕಂಬದ ಮೇಲೆ ಎತ್ತರಿಸಿ ಅಡಿಯ ನೆಲವನ್ನು ತುಂಬದೆ ಬಿಡುವುದು ಮೇಲು. ಅಕ್ರಮವಾಗಿ ತುಂಬುವುದು ಕಂಡರೆ ಗ್ರಾಮಾಧಿಕಾರಿಗೂ ಕೃಷಿ ಅಧಿಕಾರಿಗೂ ಬರೆದು ಕೊಡಬೇಕು: ಸರ್ವೆ ನಂಬರು, ಪಕ್ಕದ ಗುರುತು, ತಾರೀಕು, ಫೋಟೋ. ಅರ್ಜಿ ಕನ್ನಡದಲ್ಲೇ ಇರಲಿ, ಇಲ್ಲಿನ ಕನ್ನಡಿಗರಿಗೆ ಆ ಹಕ್ಕಿದೆ. ಮಣ್ಣು ಬಿದ್ದ ಮೊದಲ ದಿನವೇ ಕೊಟ್ಟರೆ ಫಲವುಂಟು.

ಆಗಸ್ಟ್ ಕಳೆಯುವಾಗ ಒಮ್ಮೆ ಪದವಿನ ಕಡೆಗೂ ನಡೆಯಬೇಕು. ಬೇಸಿಗೆಯಲ್ಲಿ ಕಾಲು ಸುಡುವ ಕಪ್ಪು ಮುರಕಲ್ಲಿನ ಮೇಲೆ ಬೆರಳುದ್ದ ನೀರು, ಅದರಲ್ಲಿ ನೀಲಿಯ ಹಾಸು. ಓಣಂ ಹೊತ್ತಿಗೆ ಮಲಯಾಳಿ ಮಕ್ಕಳು ಕಾಕ್ಕಪ್ಪೂ ಎಂದು ಕೊಯ್ಯುವ ಹೂವದು. ಕಲ್ಲಿನ ಮೇಲೆ ಸಾರವಿಲ್ಲದ್ದರಿಂದ ಆ ಗಿಡ ನೀರಿನೊಳಗಿನ ಸಣ್ಣ ಚೀಲಗಳಲ್ಲಿ ಸೂಕ್ಷ್ಮ ಜೀವಿಗಳನ್ನು ಹಿಡಿದು ತಿನ್ನುತ್ತದೆ. ಕುಂಬಳೆ ಹತ್ತಿರದ ಕಿದೂರಿಗೆ ಹಕ್ಕಿ ನೋಡುವವರು ಬರುವುದಕ್ಕೆ ಅಲ್ಲಿಯ ಕಾಜೂರು ಪಳ್ಳವೂ ಒಂದು ಕಾರಣ. ಪದವಿನಲ್ಲಿ ನಡೆಯುವಾಗ ಎದ್ದುನಿಂತ ಒಣ ಕಲ್ಲುಗಳ ಮೇಲೆಯೇ ಕಾಲಿಡಿ. ಹಸಿರು ಹಾಸು ಜಾರುತ್ತದೆ, ಮೆಟ್ಟಿದರೆ ಆ ವರ್ಷದ ಬೀಜವೂ ಹೋಗುತ್ತದೆ. ಟಿಟ್ಟಿಭ ತಲೆಯ ಮೇಲೆ ಕಿರುಚುತ್ತ ಸುತ್ತಿದರೆ ಹತ್ತಿರದಲ್ಲಿ ಗೂಡಿದೆ ಎಂದರ್ಥ, ಬಂದ ದಾರಿಯಲ್ಲೇ ಹಿಂದಿರುಗಿ.

ಮಳೆ ನಿಂತು ಪಳ್ಳಗಳ ನೀರು ಇಳಿಯುತ್ತ ಬಂದಾಗ ಕೆಳಗೆ ತೋಡಿನಲ್ಲಿ ‘ಕಟ್ಟ’ದ, ಎಂದರೆ ನೀರು ನಿಲ್ಲಿಸುವ ತಾತ್ಕಾಲಿಕ ಅಡ್ಡಗಟ್ಟೆಯ ಕೆಲಸ. ಏತಡ್ಕದಂಥ ಕಡೆ ಇದು ಇನ್ನೂ ನಡೆದಿದೆ. ಡಿಸೆಂಬರಿನಲ್ಲಿ ಹರಿವು ಸಣ್ಣದಾದ ಮೇಲೆ ಹಾಕಬೇಕು. ಬೇಗ ಹಾಕಿದರೆ ಕೊನೆಯ ಗುಡುಗಿನ ಮಳೆ ಕೊಚ್ಚಿಕೊಂಡು ಹೋಗುತ್ತದೆ, ತಡವಾದರೆ ನಿಲ್ಲಿಸಲು ನೀರೇ ಇರುವುದಿಲ್ಲ. ಎರಡೂ ದಡ ಗಟ್ಟಿಯಾಗಿರುವ ಇಕ್ಕಟ್ಟಿನ ಜಾಗ ನೋಡಿ ಕಾಡುಕಲ್ಲಿನ ಎರಡು ಸಾಲು ಕಟ್ಟಿ, ನಡುವೆ ಮಣ್ಣು ತುಂಬಿ, ಹಲವರು ಒಟ್ಟಿಗೆ ಹತ್ತಿ ಮೆಟ್ಟುತ್ತಾರೆ. ಈಗೀಗ ನೀರಿನ ಬದಿಗೆ ಪ್ಲಾಸ್ಟಿಕ್ ಶೀಟು ಹೊದೆಸಿ ಅಂಚನ್ನು ಮಣ್ಣಿನಲ್ಲಿ ಹೂಳುವುದೂ ಇದೆ. ನೀರು ಹಿಂದಕ್ಕೆ ಹಬ್ಬಿ ಎರಡೂ ಬದಿಯ ಬಾವಿಗಳ ಮಟ್ಟ ಏರುತ್ತದೆ. ಕಟ್ಟ ಗಟ್ಟಿಯಾದ ಮೇಲೆ ಆಚೆ ಮನೆಯವರು ಹಾಲಿನ ಕ್ಯಾನು ಹಿಡಿದು, ಮಕ್ಕಳು ಬ್ಯಾಗು ಹೊತ್ತು, ಅದರ ಮೇಲೆಯೇ ಈಚೆಗೆ ದಾಟಿ ಬರುತ್ತಾರೆ.